ಸುಳಿಗಾಳಿ ಅರಿಯಲು ಎರಡು ಉಪಕರಣಗಳು: ಪುಣೆಯ ಬೇಸಿಗೆಯಲ್ಲಿ ಬಳಸಿ ನೋಡಿದ ಮೇಲೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ಪುಣೆಯ ಸುತ್ತಲಿನ ಒಣ ಮೈದಾನಗಳಲ್ಲಿಯೂ ಸಾಸವಡ, ಜೇಜುರಿ ಕಡೆಯ ಉತ್ತ ಹೊಲಗಳಲ್ಲಿಯೂ ಮಧ್ಯಾಹ್ನದ ಹೊತ್ತಿಗೆ ಧೂಳನ್ನೂ ತರಗೆಲೆಯನ್ನೂ ಎತ್ತಿಕೊಂಡು ಗಿರಗಿರನೆ ತಿರುಗುತ್ತ ಸಾಗುವ ಸಣ್ಣ ಸುಳಿಗಾಳಿಗಳು ಕಾಣಿಸುತ್ತವೆ. ಅವು ಏಕೆ ಹುಟ್ಟುತ್ತವೆ ಎಂಬುದನ್ನು ಇಲ್ಲಿ ಬೆಳೆಯುತ್ತಿರುವ ನಮ್ಮ ಕನ್ನಡದ ಮಕ್ಕಳಿಗೆ ಬರೀ ಬಾಯಿಮಾತಿನಲ್ಲಿ ಹೇಳದೆ ಅಳೆದು ತೋರಿಸಬೇಕೆಂಬ ಉದ್ದೇಶದಿಂದ ನಾನು ಎರಡು ಉಪಕರಣಗಳನ್ನು ಕೊಂಡೆ. ಒಂದು, ಅಂಗೈಯಲ್ಲಿ ಹಿಡಿಯುವ, ಪುಟ್ಟ ಫ್ಯಾನ್ ಇರುವ ಅನಿಮೋಮೀಟರ್, ಅಂದರೆ ಗಾಳಿಯ ವೇಗ ಅಳೆಯುವ ಯಂತ್ರ. ಇನ್ನೊಂದು, ಪಿಸ್ತೂಲಿನ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್. ಗಾಳಿಯ ವಿಷಯವಾದ್ದರಿಂದ ಮೊದಲನೆಯದೇ ಮುಖ್ಯ, ಎರಡನೆಯದು ಜೊತೆಗಿರಲಿ ಎಂದು ಯಾರಿಗಾದರೂ ಅನಿಸುತ್ತದೆ. ಬಳಕೆಯಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ. ಸುಳಿಗಾಳಿಯ ಕಾರಣ ಇರುವುದು ಗಾಳಿಯಲ್ಲಿ ಅಷ್ಟಾಗಿ ಅಲ್ಲ, ಅದರ ಕೆಳಗಿನ ನೆಲದಲ್ಲಿ. ಆದ್ದರಿಂದ ಒಂದನ್ನೇ ಕೊಳ್ಳುವಷ್ಟು ಹಣವಿದ್ದರೆ ಥರ್ಮಾಮೀಟರನ್ನೇ ಕೊಳ್ಳಬೇಕು.

ಎರಡನ್ನೂ ಬುಧವಾರ ಪೇಠೆಯ ತಪಕೀರ ಗಲ್ಲಿಯಲ್ಲಿ ಕೊಂಡದ್ದು. ಎರಡೂ ಸೇರಿ ಮೂರು ಸಾವಿರ ರೂಪಾಯಿಯ ಒಳಗೆ ಮುಗಿಯಿತು. ತಯಾರಕರ ಹೆಸರು ಹೇಳುವುದರಲ್ಲಿ ಹೆಚ್ಚಿನ ಅರ್ಥವಿಲ್ಲ, ಏಕೆಂದರೆ ಇದೇ ಅಚ್ಚಿನ ಸರಕು ಬೇರೆ ಬೇರೆ ಹೆಸರಿನ ಡಬ್ಬಿಗಳಲ್ಲಿ ಆ ಗಲ್ಲಿಯ ತುಂಬ ಸಿಗುತ್ತದೆ. "ಎಸಿ ಕೆಲಸಕ್ಕಾ, ಸರ್?" ಎಂದು ಅಂಗಡಿಯವರು ಕೇಳಿದ್ದು ಸಹಜವೇ ಆಗಿತ್ತು. ಏರ್ ಕಂಡಿಷನರ್ ಮೆಕ್ಯಾನಿಕ್‌ಗಳು ಈ ಎರಡನ್ನೂ ಜೊತೆಯಾಗಿಯೇ ಒಯ್ಯುತ್ತಾರೆ. ಕಿಂಡಿಯಿಂದ ಬರುವ ಗಾಳಿಯ ವೇಗಕ್ಕೆ ಒಂದು, ಅದರ ತಂಪಿಗೆ ಇನ್ನೊಂದು. ಹೊಲದ ಮಣ್ಣಿಗೆ ಎಂದು ನಾನು ಹೇಳಿದಾಗ ಅವರು ಮರುಮಾತಿಲ್ಲದೆ ಡಬ್ಬಿ ತೆರೆದು ಕೊಟ್ಟರು.

ಕೊಳ್ಳುವಾಗಲೇ ಗಮನಿಸಬೇಕಾದ ಸಂಗತಿಯೊಂದಿದೆ. ಕೋವಿಡ್ ಕಾಲದಲ್ಲಿ ಬಾಗಿಲು ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್‌ಗಳು ಇನ್ನೂ ಅಂಗಡಿಗಳಲ್ಲಿ ಉಳಿದಿವೆ, ಮತ್ತು ನೋಡಲು ಇದೇ ರೀತಿ ಇವೆ. ಅವು ಮನುಷ್ಯನ ಮೈಕಾವಿನ ಆಚೀಚೆಯ ಕೆಲವೇ ಡಿಗ್ರಿಗಳನ್ನು ತೋರಿಸಲು ಮಾಡಿದವು. ಮೇ ತಿಂಗಳ ಮಣ್ಣಿಗೆ ಹಿಡಿದರೆ ಅಳತೆ ಮೀರಿತೆಂದು ಸೂಚಿಸಿ ಸುಮ್ಮನಾಗುತ್ತವೆ. ನಮಗೆ ಬೇಕಾದದ್ದು ಕೈಗಾರಿಕೆಯ ಬಳಕೆಯದು. ಅದು ಶೂನ್ಯಕ್ಕಿಂತ ಕೆಳಗಿನಿಂದ ಹಿಡಿದು ಮುನ್ನೂರು, ನಾಲ್ಕುನೂರು ಡಿಗ್ರಿಯವರೆಗೆ ಅಳೆಯುತ್ತದೆ. ಗುಂಡಿ ಒತ್ತಿದಾಗ ಬೀಳುವ ಕೆಂಪು ಲೇಸರ್ ಚುಕ್ಕೆ ಅಳೆಯುವುದಿಲ್ಲ, ಎಲ್ಲಿಗೆ ಗುರಿಯಿಟ್ಟಿದ್ದೇವೆ ಎಂದು ತೋರಿಸುತ್ತದೆ, ಅಷ್ಟೆ. ಅಳೆಯುವುದು ಮೂತಿಯ ಒಳಗಿರುವ ಸಂವೇದಕ. ಬಿಸಿಯಾದ ಯಾವ ಮೇಲ್ಮೈಯೂ ತನ್ನ ಕಾವಿಗೆ ತಕ್ಕಂತೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣವನ್ನು ಸೂಸುತ್ತಿರುತ್ತದೆ. 8ರಿಂದ 14 ಮೈಕ್ರೋಮೀಟರ್ ಅಲೆಯುದ್ದದ ಆ ಕಿರಣವನ್ನು ಹಿಡಿದು ಸಂವೇದಕ ಅದನ್ನು ಡಿಗ್ರಿಯಾಗಿ ಲೆಕ್ಕಹಾಕುತ್ತದೆ. ನನ್ನ ಉಪಕರಣದ ಮೇಲೆ 12:1 ಎಂದು ಬರೆದಿದೆ. ಅಂದರೆ 1.2 ಮೀಟರ್ ದೂರದಿಂದ ಹಿಡಿದರೆ ಅದು 10 ಸೆಂಟಿಮೀಟರ್ ಅಡ್ಡಗಲದ ಜಾಗದ ಸರಾಸರಿ ಕಾವನ್ನು ಹೇಳುತ್ತದೆ, ಲೇಸರ್ ಚುಕ್ಕೆ ಬಿದ್ದ ಒಂದು ಕಾಳಿನಷ್ಟು ಜಾಗದ್ದಲ್ಲ. ನಿಂತುಕೊಂಡು ಕಾಲಬುಡದ ನೆಲ ನೋಡಲು ಇಷ್ಟು ಸಾಕು. ಐವತ್ತು ಅಡಿ ಆಚೆಯ ನೆಲ ನೋಡಲು ಹೋದರೆ ಬರುವ ಅಂಕಿಗೆ ಬೆಲೆಯಿಲ್ಲ.

ಈಗ ಅಳತೆಗಳ ಮಾತು. ಮೇ ತಿಂಗಳ ಮಧ್ಯದಲ್ಲಿ ಪುಣೆಯ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಮತ್ತು ನಮ್ಮ ಗಡಿಯಾರದಲ್ಲಿ ಆ ನಡುಹಗಲು ಹನ್ನೆರಡಕ್ಕಲ್ಲ, ಹನ್ನೆರಡೂವರೆಗೆ ಆಗುತ್ತದೆ. ಅಂಥ ಹೊತ್ತಿನಲ್ಲಿ, ಹವಾಮಾನ ಇಲಾಖೆ 38 ಡಿಗ್ರಿ ಸೆಲ್ಸಿಯಸ್ ಎಂದು ಹೇಳುವ ಒಂದು ದಿನ, ಸಾಸವಡ ರಸ್ತೆಯ ಪಕ್ಕದ ಉತ್ತ ಕಪ್ಪು ಮಣ್ಣಿಗೆ ಥರ್ಮಾಮೀಟರ್ ಹಿಡಿದರೆ 60 ದಾಟುತ್ತದೆ. ಡಾಂಬರು ರಸ್ತೆಯೂ ಸರಿಸುಮಾರು ಅಷ್ಟೇ. ಬದುವಿನ ಬೇವಿನ ಮರದ ನೆರಳಿನಲ್ಲಿ ಅದೇ ಮಣ್ಣು 37ರ ಆಸುಪಾಸಿನಲ್ಲಿದೆ. ನೀರು ಹಾಯಿಸಿದ ಕಬ್ಬಿನ ಸಾಲಿನ ಹಸಿ ಮಣ್ಣು, ಪೂರ್ತಿ ಬಿಸಿಲಿನಲ್ಲಿ ಇದ್ದರೂ, 35ನ್ನು ಮೀರುವುದಿಲ್ಲ. ಮಕ್ಕಳನ್ನು ಕರೆದೊಯ್ದಾಗ ಅವರು ಹೆಚ್ಚು ಹೊತ್ತು ನಿಂತದ್ದು ಒಣ ಮಣ್ಣಿನ ಮತ್ತು ಹಸಿ ಮಣ್ಣಿನ ಅಂಕಿಗಳ ಮುಂದೆ: ಒಂದು ಹೆಜ್ಜೆ ಈಚೆಗೆ 60, ಒಂದು ಹೆಜ್ಜೆ ಆಚೆಗೆ 35, ಎರಡರ ಮೇಲೂ ಅದೇ ಸೂರ್ಯ. ಒದ್ದೆ ನೆಲದ ಮೇಲೆ ಬಿದ್ದ ಬಿಸಿಲಿನ ಬಹುಪಾಲು ನೀರನ್ನು ಆವಿ ಮಾಡುವುದರಲ್ಲಿ ಖರ್ಚಾಗಿಹೋಗುತ್ತದೆ, ಮಣ್ಣನ್ನು ಕಾಯಿಸಲು ಉಳಿಯುವುದು ಸ್ವಲ್ಪ. ಒಣ ನೆಲದಲ್ಲಿ ಆ ಖರ್ಚಿಲ್ಲ. ಕಪ್ಪು ಮಣ್ಣಾದರೆ ಬೆಳಕನ್ನು ಹಿಂದಕ್ಕೆ ಚೆಲ್ಲುವುದೂ ಕಡಿಮೆ.

ಹವಾಮಾನ ಇಲಾಖೆಯ 38 ಮತ್ತು ನನ್ನ ಕೈಯ 60, ಎರಡೂ ಸರಿಯಾದ ಅಂಕಿಗಳೇ. ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂದದ್ದರಿಂದಲೇ ಶಿವಾಜಿನಗರದ ಆ ಚೌಕಕ್ಕೆ ಇಂದಿಗೂ ಸಿಮ್ಲಾ ಆಫೀಸ್ ಎಂಬ ಹೆಸರಿದೆ. ಅಲ್ಲಿಯಂತೆ ಎಲ್ಲ ವೀಕ್ಷಣಾಲಯಗಳಲ್ಲಿಯೂ ಥರ್ಮಾಮೀಟರ್ ಇರುವುದು ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನಲ್ಲಿ, ನೆಲದಿಂದ ಮನುಷ್ಯನ ಎದೆಯೆತ್ತರದಲ್ಲಿ. ಅದು ಹೇಳುವುದು ಗಾಳಿಯ ಕಾವು. ನನ್ನ ಉಪಕರಣ ಹೇಳುವುದು ನೆಲದ ಚರ್ಮದ ಕಾವು. ಈ ಎರಡರ ನಡುವೆ ಇರುವ ನಾಲ್ಕು ಅಡಿ ಗಾಳಿಯಲ್ಲಿಯೇ ಸುಳಿಗಾಳಿಯ ಇಡೀ ಕಥೆ ಅಡಗಿದೆ. ಅನಿಮೋಮೀಟರ್‌ನ ಫ್ಯಾನಿನ ಪಕ್ಕದಲ್ಲಿ ಗಾಳಿಯ ಕಾವು ತೋರಿಸುವ ಪುಟ್ಟ ಸಂವೇದಕವೂ ಇದೆ. ಬಿಸಿಲು ನೇರ ತಾಗದಂತೆ ಅದರ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲಿನ ಸಣ್ಣ ಮಾಡು ಕಟ್ಟಿ, ಮೊದಲು ಪಾದದ ಗಂಟಿನ ಎತ್ತರದಲ್ಲಿ, ಆಮೇಲೆ ಮೊಣಕಾಲಿನ, ಕೊನೆಗೆ ಎದೆಯ ಎತ್ತರದಲ್ಲಿ ಒಂದೆರಡು ನಿಮಿಷ ಹಿಡಿದು ನೋಡಿದರೆ ಅಂಕಿ 43ರಿಂದ 41ಕ್ಕೆ, 41ರಿಂದ 39ಕ್ಕೆ ಇಳಿಯುವುದು ಕಾಣುತ್ತದೆ. ಏರುಪೇರಿನ ಬಹುಪಾಲು ನೆಲಕ್ಕೆ ಅಂಟಿದ ಕೆಲವೇ ಸೆಂಟಿಮೀಟರ್‌ಗಳಲ್ಲಿದೆ ಎಂಬುದು ಇದರಿಂದಲೇ ಹೊಳೆಯುತ್ತದೆ.

ಇದು ಎಂಥ ವಿಪರೀತ ಸ್ಥಿತಿ ಎಂಬುದಕ್ಕೆ ಒಂದು ಅಳತೆಗೋಲು ಉಂಟು. ಒಣ ಗಾಳಿಯ ಒಂದು ತುಣುಕು ಮೇಲೇರಿದಾಗ ಹಿಗ್ಗಿ ತಾನಾಗಿಯೇ ತಣಿಯುವುದು ಪ್ರತಿ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿಯಂತೆ, ಅಂದರೆ ಒಂದು ಮೀಟರಿಗೆ ಒಂದು ಡಿಗ್ರಿಯ ನೂರನೆಯ ಒಂದು ಭಾಗದಷ್ಟು. ಸುತ್ತಲಿನ ಗಾಳಿ ಅದಕ್ಕಿಂತ ವೇಗವಾಗಿ ತಣ್ಣಗಾಗುತ್ತ ಹೋದರೆ ಮೇಲೆದ್ದ ತುಣುಕು ಸದಾ ತನ್ನ ನೆರೆಗಿಂತ ಬಿಸಿಯಾಗಿಯೇ ಉಳಿಯುತ್ತದೆ ಮತ್ತು ಏರುತ್ತಲೇ ಹೋಗುತ್ತದೆ. ಇಲ್ಲಿ ಒಂದು ಮೀಟರಿನೊಳಗೆ ನಾಲ್ಕು ಡಿಗ್ರಿ ಇಳಿದಿದೆ. ಪ್ರತಿ ಕಿಲೋಮೀಟರಿಗೆ 34 ಡಿಗ್ರಿಯ ಇಳಿತ ದಾಟಿದರೆ ಕೆಳಗಿನ ಗಾಳಿ ಮೇಲಿನದಕ್ಕಿಂತ ಹಗುರವಾಗುತ್ತದೆ, ಅಂದರೆ ಭಾರದ್ದು ಮೇಲೆ, ಹಗುರದ್ದು ಕೆಳಗೆ ಎಂಬಂತಾಗುತ್ತದೆ; ಮೇ ತಿಂಗಳ ಹೊಲ ಆ ಗಡಿಯನ್ನು ಎಷ್ಟೋ ಪಟ್ಟು ಮೀರಿ ನಿಂತಿರುತ್ತದೆ. ತೂಕದಲ್ಲಿ ಹೇಳುವುದಾದರೆ, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯಲ್ಲಿ 40 ಡಿಗ್ರಿಯ ಒಂದು ಘನ ಮೀಟರ್ ಗಾಳಿಗಿಂತ 60 ಡಿಗ್ರಿಯ ಅಷ್ಟೇ ಗಾಳಿ ಸುಮಾರು 60 ಗ್ರಾಂ ಹಗುರ. ಅಲ್ಪವೆನಿಸುವ ಈ ವ್ಯತ್ಯಾಸ ಇಡೀ ಹೊಲದ ಉದ್ದಗಲಕ್ಕೂ ಹರಡಿದೆ ಎಂಬುದನ್ನು ನೆನೆದರೆ ಎಷ್ಟು ಬಲ ಅಲ್ಲಿ ಕಾದು ಕುಳಿತಿದೆ ಎಂದು ತಿಳಿಯುತ್ತದೆ.

ಆದರೆ ಬಿಸಿ ಗಾಳಿ ಮೇಲೇರಿದರೆ ಸಾಲದು, ಅದು ತಿರುಗಬೇಕು. ಆ ತಿರುಗು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಉತ್ತರ ಕೊಡದೆ ಜಾರಿಕೊಳ್ಳುತ್ತವೆ. ಹೊಲದ ಮೇಲಿನ ಗಾಳಿ ಎಂದೂ ಒಂದೇ ವೇಗದಲ್ಲಿ, ಒಂದೇ ದಿಕ್ಕಿನಲ್ಲಿ ಬೀಸುವುದಿಲ್ಲ. ನೆಲಕ್ಕೆ ತಾಗಿದ ಪದರ ಉಜ್ಜಾಟದಿಂದ ನಿಧಾನವಾಗುತ್ತದೆ, ಅದರ ಮೇಲಿನದು ವೇಗವಾಗಿ ಹೋಗುತ್ತದೆ. ಹೀಗಾಗಿ ಅವೆರಡರ ನಡುವಿನ ಗಾಳಿ ಅಡ್ಡಲಾಗಿ ಮಲಗಿದ ಉರುಳೆಯಂತೆ ಸುತ್ತುತ್ತಿರುತ್ತದೆ, ಮತ್ತು ಏರುವ ಬಿಸಿ ಗಾಳಿ ಅದರ ಒಂದು ತುದಿಯನ್ನು ಎತ್ತಿದಾಗ ಮಲಗಿದ ಸುತ್ತು ಎದ್ದು ನಿಂತ ಸುತ್ತಾಗುತ್ತದೆ. ಬದು, ಬೇಲಿ, ಮರ, ನಿಲ್ಲಿಸಿದ ಟ್ರ್ಯಾಕ್ಟರ್ ಮುಂತಾದ ಅಡ್ಡಿಗಳ ಮರೆಯಲ್ಲಿ ಸಣ್ಣ ಸುಳಿಗಳು ಬಿಡಿಬಿಡಿಯಾಗಿ ಹುಟ್ಟುತ್ತಲೇ ಇರುತ್ತವೆ. ಇದಲ್ಲದೆ ಏರುವ ಗಾಳಿ ಇಡೀ ಹೊಲದಿಂದ ಒಟ್ಟಿಗೆ ಏರುವುದಿಲ್ಲ. ಜೇನುಹುಟ್ಟಿನ ಕೋಣೆಗಳ ಗೋಡೆಗಳನ್ನು ನೆನಪಿಸುವ ಜಾಲದಲ್ಲಿ ಏರುತ್ತದೆ, ಮತ್ತು ಆ ಗೋಡೆಗಳು ಕೂಡುವ ಮೂಲೆಗಳಿಗೆ ನಾಲ್ಕೂ ಕಡೆಯಿಂದ ನುಗ್ಗುವ ಗಾಳಿ ಒಂದಕ್ಕೊಂದು ಸರಿಯಾಗಿ ಎದುರಾಗದೆ ಪಕ್ಕಕ್ಕೆ ಸರಿದು ಸುತ್ತತೊಡಗುತ್ತದೆ. ಆರಂಭದ ಸುತ್ತು ಇಷ್ಟು ಮಂದವಾಗಿದ್ದರೂ ಸಾಕು. ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಹೆಣ್ಣುಮಕ್ಕಳು ಕೈ ಕೈ ಹಿಡಿದು ಸುತ್ತುವ ಫುಗಡಿ ಆಟ ಆಡುವಾಗ ಕೈ ಮಡಚಿ ಒಬ್ಬರಿಗೊಬ್ಬರು ಹತ್ತಿರವಾದಷ್ಟೂ ಸುತ್ತು ಬಿರುಸಾಗುತ್ತದಲ್ಲ, ಇಲ್ಲಿ ನಡೆಯುವುದೂ ಅದೇ: 10 ಮೀಟರ್ ದೂರದಲ್ಲಿ ಸೆಕೆಂಡಿಗೆ ಅರ್ಧ ಮೀಟರಿನಂತೆ ಸುತ್ತುತ್ತಿದ್ದ ಗಾಳಿ ನಡುವಿನ ಏರುದಾರಿಯ ಕಡೆಗೆ ಎಳೆಯಲ್ಪಟ್ಟು 1 ಮೀಟರ್ ದೂರಕ್ಕೆ ಬಂದಾಗ, ಉಜ್ಜಾಟದ ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಸೆಕೆಂಡಿಗೆ 5 ಮೀಟರ್ ವೇಗ ಪಡೆಯುತ್ತದೆ.

ಸುತ್ತು ಬಿರುಸಾದ ಮೇಲೆ ಸುಳಿ ತನ್ನನ್ನು ತಾನೇ ಸಾಕಿಕೊಳ್ಳುವ ರೀತಿ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಚೆಂದವಾಗಿ ಕಾಣುತ್ತದೆ. ಸುಳಿಯ ನಡುವೆ ಗಾಳಿಯೊತ್ತಡ ಕೆಲವೇ ಹೆಕ್ಟೊಪಾಸ್ಕಲ್‌ನಷ್ಟು ಕಡಿಮೆಯಾಗಿರುತ್ತದೆ. ನೆಲದಿಂದ ತುಸು ಮೇಲೆ, ಒಳಗೆ ಎಳೆಯುವ ಈ ಒತ್ತಡವೂ ಹೊರಗೆ ಎಸೆಯುವ ತಿರುಗಿನ ಬಲವೂ ಸರಿಸಮವಾಗಿರುವುದರಿಂದ ಗಾಳಿ ಒಳಗೂ ಹೋಗದೆ, ಹೊರಗೂ ಹೋಗದೆ ಸುತ್ತುತ್ತಿರುತ್ತದೆ. ನೆಲಕ್ಕೆ ತಾಗಿದ ಪದರದಲ್ಲಿ ಮಾತ್ರ ಮಣ್ಣಿನ ಉಜ್ಜಾಟ ತಿರುಗನ್ನು ನಿಧಾನಗೊಳಿಸುತ್ತದೆ. ಎಸೆಯುವ ಬಲ ಕುಗ್ಗಿ ಎಳೆಯುವ ಬಲ ಗೆಲ್ಲುತ್ತದೆ. ಹಾಗಾಗಿ ಆ ಪದರದ ಗಾಳಿ, ಅಂದರೆ ಇಡೀ ಹೊಲದಲ್ಲಿ ಅತ್ಯಂತ ಬಿಸಿಯಾದ ಗಾಳಿಯೇ, ಸುಳಿಯ ಬುಡಕ್ಕೆ ನುಗ್ಗುತ್ತದೆ. ಸುಳಿ ಹೊಲದ ಮೇಲೆ ಸಾಗುತ್ತ ಹೋದಂತೆ ಹೊಸ ಬಿಸಿಯನ್ನು ಬಾಚಿಕೊಳ್ಳುತ್ತ ಹೋಗುತ್ತದೆ. ಕಬ್ಬಿನ ಗದ್ದೆಯನ್ನೋ ಮರದ ನೆರಳನ್ನೋ ಹೊಕ್ಕರೆ ಅದಕ್ಕೆ ಕೂಳು ತಪ್ಪಿ ನಿಮಿಷಾರ್ಧದಲ್ಲಿ ಕರಗುತ್ತದೆ. ಸಾಮಾನ್ಯವಾಗಿ ಇವು ಕೆಲವು ಮೀಟರ್ ಅಗಲ, ಹತ್ತಾರು ಮೀಟರ್ ಎತ್ತರ ಇದ್ದು ಕೆಲವೇ ನಿಮಿಷ ಬದುಕುತ್ತವೆ. ದೊಡ್ಡವು ಮರುಭೂಮಿಯಂಥ ಬಯಲುಗಳಲ್ಲಿ ನೂರಾರು ಮೀಟರ್ ಏರುವುದೂ ಉಂಟು. ಒಂದು ಸುಳಿ ಬದುವಿನ ಬಳಿ ಸತ್ತ ಕೂಡಲೇ ಈಚೆಯ ಒಣ ನೆಲಕ್ಕೂ ಆಚೆಯ ಹಸಿ ನೆಲಕ್ಕೂ ಥರ್ಮಾಮೀಟರ್ ಹಿಡಿದು ತೋರಿಸಿದರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಎರಡು ಸಾವಿರದೊಳಗಿನ ಉಪಕರಣ ಇಷ್ಟನ್ನು ಮಾಡಿಕೊಡುವುದು ದೊಡ್ಡ ಮಾತೇ.

ಸುಳಿ ಬಲಕ್ಕೆ ತಿರುಗುತ್ತದೆಯೋ ಎಡಕ್ಕೋ ಎಂಬ ಪ್ರಶ್ನೆ ಪ್ರತಿ ಸಲವೂ ಬರುತ್ತದೆ, ಯಾರಾದರೊಬ್ಬರು ಭೂಮಿಯ ತಿರುಗುವಿಕೆಯ ಹೆಸರನ್ನೂ ಎತ್ತುತ್ತಾರೆ. ಅರಬ್ಬಿ ಸಮುದ್ರದ ಚಂಡಮಾರುತಕ್ಕೆ ಆ ನಿಯಮ ಹೌದು. ನೂರಾರು ಕಿಲೋಮೀಟರ್ ಹರಡಿ ದಿನಗಟ್ಟಲೆ ಬದುಕುವ ಅದು ನಮ್ಮ ಉತ್ತರಾರ್ಧಗೋಳದಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೇ ಸುತ್ತುತ್ತದೆ. ಕೆಲವು ಸೆಕೆಂಡಿಗೊಂದು ಸುತ್ತು ಹಾಕುವ ಹೊಲದ ಸುಳಿಗೆ, ದಿನಕ್ಕೊಂದು ಸುತ್ತು ಹಾಕುವ ಭೂಮಿಯ ಪ್ರಭಾವ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಆರಂಭದ ಸುತ್ತು ಯಾವ ಕಡೆಯದೋ ಸುಳಿಯೂ ಆ ಕಡೆಯದು. ಹಾಗೆಯೇ ಟಿವಿಯಲ್ಲಿ ಅಮೆರಿಕದ ಟೊರ್ನಾಡೊ ನೋಡಿದವರು ಇದನ್ನು ಅದರ ಮರಿ ಎಂದುಕೊಳ್ಳುತ್ತಾರೆ. ಟೊರ್ನಾಡೊ ಹುಟ್ಟುವುದು ಗುಡುಗುಮೋಡದ ಕೆಳಗೆ, ಅದರ ಶಕ್ತಿ ಮೋಡದಿಂದ ಬರುತ್ತದೆ. ನಮ್ಮದು ಶುಭ್ರ ಆಕಾಶದ ಕೂಸು. ಮೋಡ ಬಂದರೆ ಇದು ಹುಟ್ಟುವುದೇ ನಿಲ್ಲುತ್ತದೆ. ನೆಲದ ಕಾವೇ ಇದರ ಮೂಲ ಎಂಬುದಕ್ಕೆ ಮಂಗಳ ಗ್ರಹಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅಲ್ಲಿಯ ಗಾಳಿಯೊತ್ತಡ ನಮ್ಮದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ, ಆದರೂ ಬಿಸಿಲಿಗೆ ಕಾದ ನೆಲದಿಂದ ಸುಳಿಗಾಳಿಗಳು ಏಳುತ್ತವೆ. 2021ರ ಸೆಪ್ಟೆಂಬರಿನಲ್ಲಿ ಅಲ್ಲಿಯ ನೆಲದ ಮೇಲಿರುವ ನಾಸಾದ ಪರ್ಸಿವಿಯರೆನ್ಸ್ ರೋವರ್ ತನ್ನ ಮೇಲೆಯೇ ಹಾದುಹೋದ ಒಂದರ ಸದ್ದನ್ನು ಮೈಕ್ರೋಫೋನಿನಲ್ಲಿ ಹಿಡಿದಿತ್ತು.

ಥರ್ಮಾಮೀಟರಿನ ಕೊರತೆಗಳನ್ನೂ ಹೇಳಬೇಕು. ಹೊಳೆಯುವ ಲೋಹಕ್ಕೆ ಹಿಡಿದರೆ ಅದು ಹಸಿ ಸುಳ್ಳು ಹೇಳುತ್ತದೆ: ಕೈಯಿಟ್ಟರೆ ಸುಡುವ ಹೊಸ ತಗಡಿನ ಮಾಡಿಗೆ ಗಾಳಿಗಿಂತ ಕಡಿಮೆ ಕಾವು ತೋರಿಸಬಹುದು. ಹೊಳಪಿನ ಲೋಹ ತನ್ನದೇ ಕಿರಣವನ್ನು ಸೂಸುವುದು ಕಡಿಮೆ, ಆಕಾಶದ್ದನ್ನು ಪ್ರತಿಫಲಿಸುವುದು ಹೆಚ್ಚು. ಅಗ್ಗದ ಉಪಕರಣಗಳಲ್ಲಿ ಎಮಿಸಿವಿಟಿ, ಅಂದರೆ ಮೇಲ್ಮೈ ಎಷ್ಟರಮಟ್ಟಿಗೆ ಕಿರಣ ಸೂಸುತ್ತದೆ ಎಂಬ ಪ್ರಮಾಣ, 0.95 ಎಂದು ಹೆಚ್ಚಾಗಿ ಮೊದಲೇ ಹೊಂದಿಸಿರುತ್ತಾರೆ. ಮಣ್ಣು, ಡಾಂಬರು, ಸಿಮೆಂಟು, ಎಲೆ ಇವಕ್ಕೆಲ್ಲ ಅದು ಹತ್ತಿರದ್ದೇ ಆದ್ದರಿಂದ ನಮ್ಮ ಕೆಲಸಕ್ಕೆ ತೊಂದರೆಯಿಲ್ಲ. ನಿಜವಾದ ತೊಂದರೆ ಉಪಕರಣದ ಸ್ವಂತ ಕಾವಿನದು. ಅದು 0ಯಿಂದ 40 ಡಿಗ್ರಿಯ ಹವೆಯಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆಂದು ಕೈಪಿಡಿಯಲ್ಲಿ ಬರೆದಿದ್ದಾರೆ, ಮೇ ತಿಂಗಳ ಪುಣೆ ಆ ಮೇರೆಯ ಅಂಚಿನಲ್ಲಿಯೇ ಇರುತ್ತದೆ. ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಹಿಡಿದರೆ ಅಂಕಿ ಹಲವು ಡಿಗ್ರಿ ಜಾರಿರುತ್ತದೆ. ಅರ್ಧ ಗಂಟೆ ಹೊರಗೆ ನೆರಳಿನಲ್ಲಿ ಇಟ್ಟು ಆಮೇಲೆ ಬಳಸಬೇಕು. ಮೋಟರ್ ಸೈಕಲ್ಲಿನ ಸೀಟಿನ ಮೇಲೆ ಬಿಸಿಲಿನಲ್ಲಿ ಬಿಟ್ಟು ಬಳಸುವುದೂ ಸಲ್ಲದು.

ಅನಿಮೋಮೀಟರ್ ವಿಷಯಕ್ಕೆ ಬಂದರೆ, ತಾನು ಯಾವ ಕೆಲಸಕ್ಕೆ ತಯಾರಾಗಿದೆಯೋ ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ, ಸುಳಿಗಾಳಿ ಮಾತ್ರ ಆ ಕೆಲಸವಲ್ಲ. ಗಾಳಿ ಫ್ಯಾನಿನ ಮುಖಕ್ಕೆ ನೇರವಾಗಿ ಬಡಿಯಬೇಕು. ಓರೆಯಾಗಿ ಬಂದರೆ ಅಳತೆ ಕಡಿಮೆಯಾಗುತ್ತದೆ, ಅಡ್ಡವಾಗಿ ಬಂದರೆ ಸೊನ್ನೆಯೇ ಆಗಬಹುದು. ಸುಳಿಯಲ್ಲಿ ಗಾಳಿಯ ದಿಕ್ಕು ಒಂದೇ ಉಸಿರಿನಲ್ಲಿ ಇಡೀ ಸುತ್ತು ಬದಲಾಗುತ್ತದೆ. ಫ್ಯಾನ್ ವೇಗ ಹಿಡಿಯಲು, ಪರದೆಯ ಮೇಲೆ ಅಂಕಿ ಬದಲಾಗಲು ತಗಲುವ ಹೊತ್ತಿನಲ್ಲಿ ಸುಳಿ ದಾಟಿಹೋಗಿರುತ್ತದೆ. ಉಳಿಯುವುದು ಯಾವುದರದೋ ಸರಾಸರಿ. ಗರಿಷ್ಠ ವೇಗವನ್ನು ಹಿಡಿದಿಡುವ ಗುಂಡಿ ಇದ್ದರೂ ಅದು ಹಿಡಿದಿಡುವುದು ಸುಳಿಯ ಗರಿಷ್ಠವನ್ನಲ್ಲ, ಫ್ಯಾನಿನ ಗರಿಷ್ಠವನ್ನು. ಇದಕ್ಕಿಂತ ಮುಖ್ಯವಾಗಿ, ಸುಳಿಯೊಳಗೆ ಕೈಚಾಚುವುದೇ ತಪ್ಪು. ಸಣ್ಣದೆಂದು ಕಂಡರೂ ಅದರಲ್ಲಿ ಕಣ್ಣಿಗೆ ಹೊಡೆಯುವ ಮರಳು ಇರುತ್ತದೆ, ಬಲವಾದವು ತೆಳು ತಗಡನ್ನೂ ಶಾಮಿಯಾನದ ಬಟ್ಟೆಯನ್ನೂ ಎತ್ತಿ ಹಾಕುತ್ತವೆ. ಮಕ್ಕಳನ್ನು ದೂರದಲ್ಲಿಯೇ ನಿಲ್ಲಿಸಿ, ಎಲ್ಲರಿಗೂ ಅಗ್ಗದ ಕನ್ನಡಕ ಹಾಕಿಸಬೇಕು. ಆ ಧೂಳು ಫ್ಯಾನಿನ ಬೇರಿಂಗಿಗೂ ಒಳ್ಳೆಯದಲ್ಲ. ನನ್ನದರಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಕರಕರ ಸದ್ದು ಬರತೊಡಗಿತ್ತು. ಕೊಂಡ ಅಂಗಡಿಯಲ್ಲಿ ವಿಚಾರಿಸಿದರೆ ಹೊರಗಿನ ಧೂಳಿಗೆ ಗ್ಯಾರಂಟಿ ಇಲ್ಲ ಎಂಬ ಉತ್ತರ ಬಂತು. ಡಬ್ಬಿಯ ಮೇಲೆ ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ.

ಈ ಯಂತ್ರ ತನ್ನ ಬೆಲೆಯನ್ನು ತೀರಿಸಿದ್ದು ಹೊಲದಲ್ಲಿ ಅಲ್ಲ, ನಾವಿರುವ ಸೊಸೈಟಿಯ ಅಂಗಳದಲ್ಲಿ. ಎರಡು ಎತ್ತರದ ಕಟ್ಟಡಗಳು ಲಂಬಕೋನದಲ್ಲಿ ಕೂಡುವ ಒಳಮೂಲೆಯಲ್ಲಿ ಸಂಜೆ ಹೊತ್ತು ಗುಲ್‌ಮೊಹರಿನ ಎಸಳುಗಳು, ಬಿಸ್ಕತ್ತಿನ ಹಾಳೆಗಳು ಸುತ್ತುತ್ತ ಏಳುವುದನ್ನು ನೋಡಿ, ಇದೂ ಅದೇ ಸುಳಿಗಾಳಿ ಎಂದು ಎಲ್ಲರೂ ಅಂದುಕೊಂಡಿದ್ದರು. ನೆಲಕ್ಕೆ ಥರ್ಮಾಮೀಟರ್ ಹಿಡಿದು ಒಂದೊಂದು ಚಪ್ಪಡಿಯನ್ನೂ ನೋಡುತ್ತಿದ್ದಾಗ ಅಫಜಲಪುರದ ಕಡೆಯ ನಮ್ಮ ವಾಚ್‌ಮನ್ ಹತ್ತಿರ ಬಂದು, "ಏನ್ರಿ ಸರ, ಭೂಮಿಗಿ ಜ್ವರ ಬಂದಾದೇನ್ರಿ?" ಎಂದು ಕೇಳಿದರು. ಬಂದಿಲ್ಲ ಎಂದೇ ಉತ್ತರ ಹೇಳಬೇಕಾಯಿತು: ನೆಲ 35, ಗಾಳಿ 34. ನೆಲಕ್ಕೂ ಗಾಳಿಗೂ ವ್ಯತ್ಯಾಸವೇ ಇಲ್ಲದ ಹೊತ್ತಿನಲ್ಲಿ ಏಳುವ ಸುಳಿಗೆ ಕಾವು ಕಾರಣವಾಗಿರಲು ಸಾಧ್ಯವಿಲ್ಲ. ಆಗ ಅನಿಮೋಮೀಟರ್ ಹಿಡಿದು ಗೇಟಿನಿಂದ ಒಳಮೂಲೆಯವರೆಗೆ ನಡೆದರೆ ಉತ್ತರ ಸಿಕ್ಕಿತು. ಎರಡು ಕಟ್ಟಡಗಳ ನಡುವಿನ ಓಣಿಯಲ್ಲಿ ಪಡುವಣ ಗಾಳಿ ಸೆಕೆಂಡಿಗೆ 6 ಮೀಟರಿನಂತೆ ನುಗ್ಗುತ್ತಿತ್ತು. ಗೋಡೆಯ ಅಂಚು ದಾಟಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಸೆಕೆಂಡಿಗೆ ಒಂದು ಮೀಟರೂ ಇರಲಿಲ್ಲ. ವೇಗವಾಗಿ ಹರಿಯುವ ಗಾಳಿ ಚೂಪಾದ ಮೂಲೆಯನ್ನು ಅಪ್ಪಿಕೊಂಡು ತಿರುಗಲಾರದೆ ಗೋಡೆಯಿಂದ ಬೇರ್ಪಡುತ್ತದೆ, ಅದರ ಪಕ್ಕದ ನಿಂತ ಗಾಳಿಯನ್ನು ಉಜ್ಜಿ ಸುತ್ತಿಸುತ್ತದೆ. ಎತ್ತರದ ಗೋಡೆಗೆ ಬಡಿದು ಕೆಳಗಿಳಿಯುವ ಗಾಳಿಯೂ ಅದಕ್ಕೆ ಸೇರಿಕೊಳ್ಳುತ್ತದೆ. ಇದು ಹೊಲದ ಸುಳಿಯಂತೆ ನಡೆದು ಹೋಗುವುದಿಲ್ಲ, ಗಾಳಿ ಇರುವವರೆಗೆ ಅದೇ ಮೂಲೆಯಲ್ಲಿ ಹುಟ್ಟುತ್ತ ಅಳಿಯುತ್ತ ಇರುತ್ತದೆ, ರಾತ್ರಿಯಲ್ಲಿಯೂ ಏಳುತ್ತದೆ. ನೋಟಕ್ಕೆ ಎರಡೂ ಒಂದೇ. ಎರಡು ಉಪಕರಣಗಳನ್ನೂ ಒಟ್ಟಿಗೆ ಬಳಸಿದಾಗಲೇ ಯಾವುದು ಯಾವ ಜಾತಿಯದು ಎಂದು ಬೇರ್ಪಡಿಸಬಹುದು. ಕಸದ ಡಬ್ಬಿಗಳನ್ನು ಆ ಮೂಲೆಯಿಂದ ತೆಗೆದು ಗಾಳಿ ನಿಂತ ಜಾಗಕ್ಕೆ ಸರಿಸಬೇಕೆಂದು ಸೊಸೈಟಿಯ ಸಭೆಯಲ್ಲಿ ಹೇಳಲು ನನಗೆ ಈ ಅಂಕಿಗಳೇ ನೆರವಾದವು.

ಮುಂಬಯಿಯಲ್ಲಿಯೂ ಗೋವೆಯಲ್ಲಿಯೂ ಇರುವ ಸ್ನೇಹಿತರು ಇವನ್ನು ಕೊಳ್ಳಲೇ ಎಂದು ಕೇಳಿದ್ದಾರೆ. ಹೊಲದ ಸುಳಿಗಾಗಿ ಆದರೆ ಅಲ್ಲಿ ಅವಕಾಶ ಕಡಿಮೆ. ಕರಾವಳಿಯಲ್ಲಿ ನೆಲ ಚೆನ್ನಾಗಿ ಕಾಯುವ ಹೊತ್ತಿಗೆ ಕಡಲ ಗಾಳಿ ಒಳನುಗ್ಗಿ ತಂಪನ್ನು ತರುತ್ತದೆ, ನೆಲಕ್ಕಂಟಿದ ಬಿಸಿ ಪದರವನ್ನೂ ಕಲಕಿಬಿಡುತ್ತದೆ. ಗಾಳಿ ತೀರ ಜೋರಾದರೆ ಪುಣೆಯಲ್ಲಿಯೂ ಸುಳಿ ಏಳುವುದಿಲ್ಲ. ಘಟ್ಟದ ಈಚೆ ಇರುವ ನಮಗೆ ಆ ಕಡಲ ಗಾಳಿ ತಲಪುವುದು ಬಹಳ ತಡವಾಗಿ, ಹೊತ್ತು ಇಳಿದ ಮೇಲೆ. ಗೋವೆಯ ಜಂಬಿಟ್ಟಿಗೆಯ ಬೋಳು ಹಾಸುಗಳ ಮೇಲೆ, ಕಡಲ ಗಾಳಿ ಏಳುವ ಮುಂಚೆ, ಬೆಳಗ್ಗೆ ಹನ್ನೊಂದರ ಸುಮಾರಿಗೆ ಥರ್ಮಾಮೀಟರ್ ಹಿಡಿದು ನೋಡಬಹುದು. ಮುಂಬಯಿಯವರಿಗೆ ಕಟ್ಟಡಗಳ ಮೂಲೆಯ ಸುಳಿಗಳೇ ಬೇಕಾದಷ್ಟಿವೆ. ಅವರು ಅನಿಮೋಮೀಟರನ್ನೇ ಕೊಂಡರೂ ನಷ್ಟವಿಲ್ಲ. ಪುಣೆಯಲ್ಲಿ, ಸೊಲ್ಲಾಪುರದಲ್ಲಿ, ವಿಜಯಪುರದ ಕಡೆ ಊರಿದ್ದು ಬೇಸಿಗೆ ರಜೆಗೆ ಹೋಗುವವರಾದರೆ ಮಾರ್ಚ್ ಕೊನೆಯಿಂದ ಮೊದಲ ದೊಡ್ಡ ಮಳೆಯವರೆಗೆ, ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಥರ್ಮಾಮೀಟರಿಗೆ ಕೈತುಂಬ ಕೆಲಸ. ಮಳೆ ಬಿದ್ದು ಮಣ್ಣು ನೆನೆದ ಮರುದಿನ ಎಷ್ಟೇ ಬಿಸಿಲಿದ್ದರೂ ಹೊಲಕ್ಕೆ ಹೋಗಿ ಪ್ರಯೋಜನವಿಲ್ಲ.

ಅಂಗಡಿಯಲ್ಲಿಯೇ ಪರೀಕ್ಷಿಸಿಕೊಳ್ಳುವುದು ಸುಲಭ. ಥರ್ಮಾಮೀಟರನ್ನು ಮೊದಲು ಅಂಗಡಿಯ ಗೋಡೆಗೆ, ಆಮೇಲೆ ನಿಮ್ಮದೇ ಬಾಯಿಯ ಒಳಭಾಗಕ್ಕೆ, ಲೇಸರ್ ಬಂದ್ ಮಾಡಿ, ಹತ್ತಿರದಿಂದ ಹಿಡಿಯಿರಿ. ಎರಡನೆಯದು 35ರಿಂದ 37ರೊಳಗೆ ಬಾರದಿದ್ದರೆ ಇನ್ನೊಂದನ್ನು ಕೇಳಿ. ಲೇಸರ್ ಬಂದ್ ಮಾಡಲು ಬಾರದ ಮಾದರಿಯನ್ನು ಮಕ್ಕಳಿರುವ ಮನೆಗೆ ತರಬೇಡಿ. ಅನಿಮೋಮೀಟರಿನ ಫ್ಯಾನನ್ನು ಮೆಲ್ಲಗೆ ಊದಿ ಬಿಡಿ: ಸದ್ದಿಲ್ಲದೆ ಬಹಳ ಹೊತ್ತು ಸುತ್ತಿ ನಿಂತರೆ ಬೇರಿಂಗ್ ಚೆನ್ನಾಗಿದೆ, ತಟಕ್ಕನೆ ನಿಂತರೆ ಬೇಡ. ಎರಡಕ್ಕೂ ಬಿಲ್ ಕೇಳಿ ಪಡೆಯಿರಿ, ಮತ್ತು ಹೊರಗಿನ ಧೂಳಿನಲ್ಲಿ ಬಳಸಿದರೆ ಗ್ಯಾರಂಟಿ ನಿಲ್ಲುತ್ತದೆಯೇ ಎಂಬುದನ್ನು ಆ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.